ಸತ್ತುಹೋಯಿತೆಂದ ಡಿಸ್ಕ್

ಅಣ್ಣನಿಗೆ,

ನನ್ನ ಹಳೆಯ ಕಂಪ್ಯೂಟರಿಗೆ ನೀನು ಹಾಕಿಕೊಟ್ಟ ಹೊಸ ಡಿಸ್ಕ್ ಚೆನ್ನಾಗಿದೆ. ಇದ್ದ ಸ್ವಲ್ಪ ದುಡ್ಡಿನಲ್ಲೇ ಕಂಪ್ಯೂಟರ್ ಚುರುಕಾಯಿತು. ‘ಹಳೇ ಡಿಸ್ಕ್ ಸತ್ತುಹೋಗಿದೆ, ಅದರಲ್ಲಿರೋದೇನೂ ಸಿಗಲ್ಲ’ ಅಂತ ನೀನು ಅಂದಿದ್ದೆ. ನಾನು ಬಿಡಿಸಿಟ್ಟಿದ್ದ ಕಸೂತಿ ಡಿಸೈನುಗಳೆಲ್ಲ ಹೋದವೆಂದು ಅತ್ತಾಗ ನೀನೇ ಸಮಾಧಾನ ಮಾಡಿದೆ.

ನಿನ್ನೆ ದೊಡ್ಡ ಬಟ್ಟೆ ಅಂಗಡಿಯಲ್ಲಿ, ಮಾರಾಟಕ್ಕಿಟ್ಟ ಪರದೆಗಳ ಮೇಲೆ ನಾನು ಬಿಡಿಸಿದ್ದ ಕಸೂತಿ ಬಳ್ಳಿಗಳನ್ನೇ ಕಂಡೆ. ಕೇಳಿದ್ದಕ್ಕೆ ಅಂಗಡಿಯವರು, ‘ನಿಮ್ಮಣ್ಣನೇ ಕೊಟ್ಟಿದ್ದಲ್ವಾ, ನಿಮಗೆ ಗೊತ್ತಿಲ್ವಾ?’ ಎಂದರು. ಗೊತ್ತೆಂದು ತಲೆಯಾಡಿಸಿ ಬಂದೆ.

ಕಂಪ್ಯೂಟರಿಗೆ ನೀನು ಆಮೇಲೆ ಹಾಕಿಕೊಡುತ್ತೇನೆಂದಿದ್ದ ಮೆಮೊರಿ ಚಿಪ್ಪನ್ನು ಇವತ್ತು ಬೆಳಿಗ್ಗೆ ನಾನೇ ಹಾಕಿದೆ. ಸರಿಯಾಗಿ ಕೂತಿತು.

ನೀನು ಇಟ್ಟುಕೊಂಡಿರುವ ಹಳೆಯ ಡಿಸ್ಕನ್ನು ಅಮ್ಮನ ಕೈಗೆ ಕೊಡು, ವಿಷಯ ಹೇಳಬೇಡ. ಭಾನುವಾರ ಎಂದಿನಂತೆ ಊಟಕ್ಕೆ ಬಾ, ಬರದಿದ್ದರೆ ಅವಳು ನೊಂದುಕೊಳ್ಳುತ್ತಾಳೆ. ನಾನೇ ಬಡಿಸುತ್ತೇನೆ. ನನ್ನ ಕೋಣೆಗೆ ಮಾತ್ರ ಬರಬೇಡ.

ಇಂತಿ,
ತಂಗಿ