ತಳ ಹಿಡಿದ ಗಂಜಿ

ಭಾನುವಾರ, ಮಧ್ಯಾಹ್ನ

ನಮ್ಮ ಟೈಲರ್ ಸಾಹೇಬರಿಗೆ,

ನಿಮ್ಮ ಗುಬ್ಬಿಯ ನಮಸ್ಕಾರ. ಬೆಳಿಗ್ಗೆ ಗಂಜಿ ಡಬ್ಬಿ ಕೊಡಲು ಬಂದಾಗ, ಇಷ್ಟು ತಿಂಗಳೂ ನಮ್ಮನ್ನು ಒಳಗೆ ಬಿಡದ ವಾಚ್‌ಮನ್ ನಿಮ್ಮ ಚೀಟಿ ಕೊಟ್ಟ. ಎದೆ ವಾಸಿಯಾಗಿದೆ, ನಾಳೆ ಮನೆಗೆ ಬಿಡುತ್ತಾರೆ ಎಂದು ಓದಿ ಆಸ್ಪತ್ರೆಯ ಗೇಟಿನಲ್ಲೇ ಕುಣಿಯಬೇಕು ಅನ್ನಿಸಿತು. ಕೆಳಗೆ, ಅಮ್ಮನನ್ನೂ ಕರೆದುಕೊಂಡು ಬಾ, ಮೊದಲು ಅವಳ ಮುಖ ನೋಡಬೇಕು ಎಂದು ಬರೆದಿದ್ದೀರಿ. ಅದನ್ನು ಓದಿ ಮನೆಗೆ ಬಂದವಳೇ ಈ ಕಾಗದ ಬರೆಯಲು ಕೂತೆ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಅತ್ತೆ ಇಲ್ಲ. ಚಳಿ ಶುರುವಾಗುವಾಗಲೇ ಹೋದರು. ಹೊಟ್ಟೆಯಲ್ಲಿ ಗಡ್ಡೆ, ಡಾಕ್ಟರು ನೋಡಿ ಕೈಚೆಲ್ಲಿದರು. ನಿಮಗೆ ಹೇಳಕೂಡದೆಂದು ಅತ್ತೆ ನನ್ನಿಂದ ಆಣೆ ಮಾಡಿಸಿಕೊಂಡರು. ಗೊತ್ತಾದರೆ ಔಷಧಿ ಬಿಟ್ಟು ಓಡಿ ಬರ್ತಾನೆ, ಒಂದೇ ಮನೆಯಿಂದ ಎರಡು ಹೆಣ ಯಾಕೆ ಅಂದರು. ನಿಮ್ಮ ಸ್ವಭಾವ ಬಲ್ಲವಳು, ಒಪ್ಪಿಕೊಂಡೆ.

ಹಾಗಾದರೆ ದಿನಾ ಬಂದ ಡಬ್ಬಿ ಯಾರದು ಅನ್ನುತ್ತೀರಿ. ನನ್ನದು.

ಅತ್ತೆ ಹಾಸಿಗೆ ಹಿಡಿದಾಗ ನಾನು ಮಾಡಿ ಕಳಿಸಿದ ಗಂಜಿಗೆ ನೀವು ಚೀಟಿ ಬರೆದಿರಿ, ಇದು ಅಮ್ಮನ ಕೈಯದಲ್ಲ, ಅವಳಿಗೇನಾಯಿತು ಎಂದು. ಅತ್ತೆಗೆ ಒಳಗೊಳಗೇ ಹಿಗ್ಗು, ನನಗೆ ಮೈಯೆಲ್ಲ ಉರಿ. ಅತ್ತೆಯ ಬೆರಳಿಗೆ ಸೂಜಿ ಚುಚ್ಚಿ ಬಾತುಕೊಂಡಿದೆ ಎಂದು ಸುಳ್ಳು ಬರೆದೆ. ಅಲ್ಲ ಕಣ್ರೀ, ಎಷ್ಟು ಜೋಪಾನವಾಗಿ ಮಾಡಿದ್ದೆ! ಅದೇ ತಪ್ಪಾಗಿತ್ತು. ನಿಮ್ಮಜ್ಜಿಯ ಕಾಲದಿಂದಲೂ ಈ ಮನೆಯ ಗಂಜಿ ತಳ ಹಿಡಿದೇ ಬಂದದ್ದು. ಒಲೆ ಮೇಲೆ ಪಾತ್ರೆ ಇಟ್ಟು, ಇದೊಂದು ಗುಂಡಿ ಆಗಿಬಿಡಲಿ, ಇದೊಂದು ಕಾಜಾ ಆಗಿಬಿಡಲಿ ಎಂದು ಗಿರಾಕಿಯ ಅಂಗಿ ಹಿಡಿದು ಕೂತರೆ ಇನ್ನೇನಾಗುತ್ತದೆ? ಆ ಸೀದ ವಾಸನೆಯನ್ನೇ ತಾಯಿಯ ಕೈರುಚಿ ಎಂದು ಚಪ್ಪರಿಸಿ ಬೆಳೆದವರು ನೀವು.

ಅತ್ತೆ ಮಲಗಿದಲ್ಲಿಂದಲೇ ಕಲಿಸಿದರು. ಸೌಟು ಮುಟ್ಟಬೇಡ, ಹೊಲಿ ಅಂದರು. ನಾನು ಗುಂಡಿ ಹಾಕುವುದು, ಅವರು ಮೂಗರಳಿಸಿ ಕಾಯುವುದು. ಎದ್ದರೆ, ಇನ್ನೂ ಆಗಿಲ್ಲ ಕೂತ್ಕೊಳ್ಳೇ ಎಂದು ಗದರುವುದು. ಕೆಲವು ಸಲ ಪೂರ್ತಿ ಕರಕಲಾಯಿತು. ಸೀಯಿಸೋಕೂ ಬಾರದ ಸೊಸೆ ಸಿಕ್ಕಳಲ್ಲಪ್ಪಾ ಎಂದು ನಗಲು ಹೋಗಿ, ನೋವಿಗೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ನನ್ನ ಹೆತ್ತಮ್ಮ ಕೂಡ ನನ್ನನ್ನು ಅಷ್ಟು ಹತ್ತಿರ ಕೂರಿಸಿಕೊಂಡಿರಲಿಲ್ಲ.

ಅವರನ್ನು ಮಣ್ಣು ಮಾಡಿ ಬಂದು, ಕೈ ತೊಳೆದು ಒಲೆ ಹಚ್ಚಿ ಡಬ್ಬಿ ಕಳಿಸಿದೆ. ಅಂದು ಸಂಜೆ ನಿಮ್ಮ ಚೀಟಿ ಬಂತು, ಅಮ್ಮನ ಬೆರಳು ವಾಸಿಯಾಯಿತು ಅನ್ನಿಸುತ್ತೆ ಎಂದು. ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು.

ಬಯ್ಯಿರಿ, ಮಾತು ಬಿಡಿ, ತಡೆದುಕೊಳ್ಳುತ್ತೇನೆ. ಆದರೆ ಗೇಟಿನಲ್ಲಿ ನಿಮ್ಮ ಕಣ್ಣು ಅವರನ್ನು ಹುಡುಕುವುದನ್ನು ನೋಡಲಾರೆ, ಅದಕ್ಕೇ ಇವತ್ತೇ ಬರೆದೆ. ನಾಳೆ ನಾನೊಬ್ಬಳೇ ನಿಂತಿರುತ್ತೇನೆ. ನನ್ನ ಹಿಂದೆ ನೋಡಬೇಡಿ.

ನಿಮ್ಮ,
ಗುಬ್ಬಿ

ತಾ.ಕ.: ಕೊನೆಯ ಬೆಳಿಗ್ಗೆ ಅತ್ತೆಯ ಬಾಯಿಗೆ ಒಂದು ಚಮಚ ಗಂಜಿ ಹಾಕಿದೆ. ನುಂಗಲಾಗದೆ ನಾಲಿಗೆಯ ಮೇಲೇ ಇಟ್ಟುಕೊಂಡಿದ್ದರು. ಸರಿಯಾಗಿ ಸೀದಿದೆ, ಇನ್ನು ಅವನಿಗೆ ಗೊತ್ತಾಗಲ್ಲ, ನಾನು ಹೊರಡ್ತೀನಿ ಅಂದರು.