ಯಾರ ಆಜ್ಞೆಯೂ ಇಲ್ಲದೆ

ಖಾನ್ ಯೂನಿಸ್
ಭಾನುವಾರ, ಜೂನ್ 4, 2006

ನನ್ನ ಮುದ್ದಿನ ಮಗಳು ರಬಾಬ್‌ಗೆ,

ನಿನಗೂ ಅಳಿಯಂದಿರಿಗೂ ನಮ್ಮ ಸಲಾಮ್. ಕೂಸಿನ ಎರಡೂ ಕೆನ್ನೆಗೆ ಅಜ್ಜನ ಮುತ್ತು. ನಿನ್ನ ಎರಡು ಕಾಗದಗಳಿಗೆ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಬೈದರೂ ಚಿಂತೆಯಿಲ್ಲ, ಇರ್ಬಿದ್‌ನಲ್ಲಿ ಬೈದರೆ ಇಲ್ಲಿಗೆ ಕೇಳಿಸುವುದಿಲ್ಲ. ಫೋನಿನಲ್ಲಿ ನಿನ್ನ ಅಮ್ಮ "ಎಲ್ಲಾ ಚೆನ್ನಾಗಿದೀವಿ ಕಣೆ" ಎನ್ನುತ್ತಾಳಲ್ಲ, ಅದು ನಾನೇ ಹೇಳಿಕೊಟ್ಟ ಮಾತು. ಫೋನಿಗೆ ಮೊದಲು ಗಡಿಯಾಚೆಯವರು ಮಾತ್ರ ಕಿವಿ ಕೊಡುತ್ತಿದ್ದರು, ಈಗ ನಮ್ಮ ಎರಡು ಪಕ್ಷದವರೂ ಸೇರಿ ಮೂರು ಕಡೆಯವರು. ಪಕ್ಕದ ಮನೆಯ ಉಮ್ಮ್ ವಾಇಲ್ ಕಣ್ಣಿನ ಆಪರೇಷನ್ನಿಗೆ ಅಮ್ಮಾನಿಗೆ ಹೊರಟಿದ್ದಾಳೆ. ಹನ್ನೊಂದಕ್ಕೆ ಅವಳನ್ನು ರಫಾ ಗಡಿಗೆ ಕರೆದೊಯ್ಯುವ ಕಾರು ಬರುತ್ತದೆ, ಅಷ್ಟರಲ್ಲಿ ಇದನ್ನು ಬರೆದು ಅವಳ ಕೈಗೆ ಕೊಡಬೇಕು. ಅಕ್ಷರ ಸೊಟ್ಟಗಾದರೆ ಅವಸರದಿಂದ ಅಂದುಕೊ.

ಹೈಥಮ್ ಯಾಕೆ ಫೋನಿಗೆ ಬರುವುದಿಲ್ಲ, ನನ್ನ ಮೇಲೆ ಮುನಿಸೇ ಎಂದು ಕೇಳಿದ್ದೆ. ನಿನ್ನ ತಮ್ಮ ಜೀವದಿಂದಿದ್ದಾನೆ, ಮೈಗೆ ಒಂದು ಗೀರೂ ಆಗಿಲ್ಲ. ಇದನ್ನು ಮೊದಲು ಇನ್ನೊಂದು ಸಲ ಓದಿಕೊ, ಆಮೇಲೆ ಮುಂದಿನದನ್ನು ಓದು.

ಚುನಾವಣೆ ಆಗಿ ಸರ್ಕಾರ ಬದಲಾದ ಮೇಲೆ ನಮ್ಮ ಠಾಣೆಯ ಪಾಡು ನಾಯಿಪಾಡಾಯಿತು. ಅಧ್ಯಕ್ಷರು ಹಳೆಯ ಪಕ್ಷದವರು, ಗೃಹ ಸಚಿವರು ಹೊಸ ಪಕ್ಷದವರು. ಪೊಲೀಸರು ತಮ್ಮ ಮಾತು ಕೇಳಬೇಕೆಂದು ಸಚಿವರ ಕಚೇರಿ, ಇಲ್ಲ ತಮ್ಮದನ್ನೇ ಕೇಳಬೇಕೆಂದು ಅಧ್ಯಕ್ಷರ ಕಚೇರಿ. ನಾವು ಬಗ್ಗುವುದಿಲ್ಲವೆಂದು ಕಂಡಾಗ ಸಚಿವರ ಕಡೆಯವರು ತಮ್ಮದೇ ಹುಡುಗರಿಗೆ ಕಪ್ಪು ಅಂಗಿ ತೊಡಿಸಿ ಹೊಸ ಪಡೆಯೊಂದನ್ನು ಬೀದಿಗಿಳಿಸಿದರು. ಅದು ಕಾನೂನುಬಾಹಿರ ಎಂದು ಅಧ್ಯಕ್ಷರ ಕಡೆಯಿಂದ ಹುಕುಂ ಬಂತು. ಕಪ್ಪಂಗಿಯವರು ಹುಕುಂ ಓದಿಯೂ ಅಲ್ಲೇ ನಿಂತರು, ನಾವೂ ನಿಂತೆವು. ವೈರ್‌ಲೆಸ್ ಕೋಣೆಯಲ್ಲಿ ನನ್ನ ಜೊತೆ ಕೂರುವ ಫೌಝಿ ಇದ್ದಾನಲ್ಲ, ಅವನ ಬಾಯಿ ಸುಮ್ಮನಿರುತ್ತದೆಯೇ? "ನಾವು ಇಬ್ರು ಅತ್ತೇರಿರೋ ಸೊಸೆ ಕಣಯ್ಯ. ಒಬ್ಳು ಒಲೆ ಹಚ್ಚು ಅಂತಾಳೆ, ಇನ್ನೊಬ್ಳು ನೀರು ಸುರಿ ಅಂತಾಳೆ. ಅಡುಗೆ ಆಗ್ಲಿಲ್ಲ ಅಂತ ಇಬ್ರೂ ಬೈತಾರೆ." ನಾವು ನಕ್ಕೆವು. ಮೇ ತಿಂಗಳ ಕೊನೆಯವರೆಗೂ ನಗುತ್ತಲೇ ಇದ್ದೆವು.

ನಿನಗೆ ನನ್ನ ಕೆಲಸ ಗೊತ್ತು. ಹನ್ನೆರಡು ವರ್ಷದಿಂದ ಅದೇ ಕುರ್ಚಿ. ಮೇಲಿನವರು ಫೋನಿನಲ್ಲಿ ಹೇಳಿದ್ದನ್ನು ಕೆಳಗಿನವರಿಗೆ ವೈರ್‌ಲೆಸ್ಸಿನಲ್ಲಿ ದಾಟಿಸುವುದು. ಈ ಹನ್ನೆರಡು ವರ್ಷದಲ್ಲಿ ನಾನು ಕಲಿತ ವಿದ್ಯೆ ಒಂದೇ. ದೊಡ್ಡವರು ಇಬ್ಬರು ಜಗಳಕ್ಕೆ ಬಿದ್ದಾಗ ಇಬ್ಬರಿಗೂ "ಹಾಜರ್ ಸಾಹೇಬರೇ" ಎಂದುಬಿಡಬೇಕು, ಆಮೇಲೆ ಕೈಕಟ್ಟಿ ಕೂರಬೇಕು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಯಾರಾದರೊಬ್ಬರು ತಣ್ಣಗಾಗಿ "ಆ ವಿಷಯ ಬಿಡು" ಎಂದು ಫೋನ್ ಮಾಡುತ್ತಾರೆ. ಎಷ್ಟು ಸಲ ಹೀಗಾಗಿಲ್ಲ! ಠಾಣೆಯಲ್ಲಿ ಎಲ್ಲರೂ ಬದುಕುತ್ತಿದ್ದದ್ದೇ ಹಾಗೆ.

ಮೊನ್ನೆ ಬುಧವಾರ ಬೆಳಿಗ್ಗೆ ಎಂಟಕ್ಕೆ ಅಧ್ಯಕ್ಷರ ಕಡೆಯವರಾದ ನಮ್ಮ ಪೊಲೀಸ್ ನಿರ್ದೇಶಕರ ಫೋನ್ ಬಂತು. ತರಕಾರಿ ಮಾರುಕಟ್ಟೆಯ ನಾಲ್ಕುರಸ್ತೆಯಲ್ಲಿರುವ ನಮ್ಮವರು ಅಲ್ಲಾಡಕೂಡದು, ಕಪ್ಪಂಗಿಯವರು ಬಂದರೆ ಒಂದು ಹೆಜ್ಜೆ ಬಿಟ್ಟುಕೊಡಕೂಡದು. ಹಾಜರ್ ಎಂದೆ. ಅರ್ಧ ಗಂಟೆ ಬಿಟ್ಟು ಸಚಿವರ ಕಚೇರಿಯವನ ಫೋನ್. ಹನ್ನೊಂದಕ್ಕೆ ತಮ್ಮ ಹುಡುಗರು ಅದೇ ನಾಲ್ಕುರಸ್ತೆಯನ್ನು ವಹಿಸಿಕೊಳ್ಳುತ್ತಾರೆ, ನಿಮ್ಮವರನ್ನು ತೆಗೆಸಿ. ಅವನಿಗೂ ಹಾಜರ್ ಎಂದೆ. ಫೌಝಿ ನನ್ನ ಮುಖ ನೋಡಿ ಒಂದು ಲೋಟ ಚಹಾ ಮುಂದೆ ತಳ್ಳಿದ. ಅಲ್ಲಿ ನಿಂತಿದ್ದ ನಾಲ್ವರಲ್ಲಿ ಹೈಥಮನೂ ಒಬ್ಬನಾಗಿದ್ದ. ನಿಂತಲ್ಲೇ ನಿಲ್ಲಿ, ಯಾರನ್ನೂ ಹತ್ತಿರ ಬಿಡಬೇಡಿ ಎಂದು ವೈರ್‌ಲೆಸ್ಸಿನಲ್ಲಿ ಹೇಳಿದೆ. "ಸರಿ ಅಪ್ಪಾ" ಎಂದ ಅವನು, ಕರ್ತವ್ಯದಲ್ಲಿ ಅಪ್ಪ ಅನ್ನಬಾರದೆಂದು ನೂರು ಸಲ ಹೇಳಿದ್ದರೂ.

ಆವತ್ತು ಮಧ್ಯಾಹ್ನಕ್ಕೆ ಮೊದಲು ಯಾರೂ ತಣ್ಣಗಾಗಲಿಲ್ಲ. ಹನ್ನೊಂದೂಕಾಲಿಗೆ ಕಪ್ಪಂಗಿಯವರ ಪಿಕಪ್ ಗಾಡಿ ಬಂತು. ಮೊದಲು ಇಳಿದವನು ದುರ್ಗಾಮ್ ಬೇಕರಿಯ ಎರಡನೇ ಮಗ ಲುಅಯ್. ಶಾಲೆಗೆ ಹೋಗುವಾಗ ನಿನಗೆ ಎಳ್ಳು ಹಚ್ಚಿದ ಬಿಸಿ ರೊಟ್ಟಿ ಸುತ್ತಿಕೊಡುತ್ತಿದ್ದನಲ್ಲ, ಅವನೇ. ಏನೋ ಕೂಗುತ್ತ ನಮ್ಮವರ ಕಡೆ ನಡೆದು ಬಂದನಂತೆ. ಹೈಥಮ್ ನಿಲ್ಲು ಎಂದನಂತೆ, ಅವನು ನಿಲ್ಲಲಿಲ್ಲವಂತೆ. ಒಂದೇ ಒಂದು ಗುಂಡು ಹಾರಿತು, ಲುಅಯ್‌ನ ಹೊಟ್ಟೆಗೆ ಬಿತ್ತು. ಜೀವ ಇರುವಾಗಲೇ ಅವನನ್ನು ಆಸ್ಪತ್ರೆಗೆ ಒಯ್ದರು.

ಮಗಳೇ, ಆಮೇಲಿನ ಎರಡು ಗಂಟೆ ನಾನು ಹೇಗೆ ಕಳೆದೆನೋ ದೇವರೇ ಬಲ್ಲ. ಹೈಥಮನನ್ನು ಠಾಣೆಗೆ ತಂದರೆ ಕಪ್ಪಂಗಿಯವರು ಠಾಣೆಗೇ ನುಗ್ಗುತ್ತಾರೆ, ಮನೆಗೆ ತಂದರೆ ಮನೆಗೆ. ಕೊನೆಗೆ ಹಾಜಿ ಸುಬ್ಹಿಯವರ ಮನೆ ಸೇರಿಸಿದೆ. ಈ ಊರಲ್ಲಿ ಎರಡೂ ಪಕ್ಷದವರು ಎದ್ದು ನಿಂತು ಸಲಾಮ್ ಹೇಳುವ ಹಿರಿಯರೆಂದರೆ ಅವರೊಬ್ಬರೇ. ಅವರ ಹೊಸ್ತಿಲು ದಾಟಿದವನನ್ನು ಇದುವರೆಗೆ ಯಾರೂ ಮುಟ್ಟಿಲ್ಲ. ಹೈಥಮ್ ಅಲ್ಲಿ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಬೂಟು ಕೂಡ ಬಿಚ್ಚಿರಲಿಲ್ಲ.

ಹಾಜಿ ಅವನ ಎದುರು ಚಾಪೆಯ ಮೇಲೆ ಕೂತು ಕೇಳಿದರು. "ನೋಡಪ್ಪ, ನಿಜ ಹೇಳು. ಹೊಡಿ ಅಂತ ನಿಂಗೆ ಯಾರಾದ್ರೂ ಹೇಳಿದ್ರಾ? ಆಜ್ಞೆ ಅಂತ ಬಂದ್ರೆ ಇದು ಎರಡು ಪಡೆಗಳ ಜಗಳ. ಆಮೇಲೆ ಅಧ್ಯಕ್ಷರ ಕಡೆಯೋರು ಅವ್ರನ್ನ ಹೊಡೀತಾರೆ, ಅವ್ರು ಇವ್ರನ್ನ ಹೊಡೀತಾರೆ, ಅದನ್ನ ನಿಲ್ಸೋ ಶಕ್ತಿ ಈ ಮುದುಕನಿಗಿಲ್ಲ. ಯಾರೂ ಹೇಳ್ಲಿಲ್ಲ, ಗಾಬರಿಲಿ ನೀನೇ ಹೊಡ್ದೆ ಅಂದ್ರೆ ಇದು ಎರಡು ಮನೆಗಳ ಜಗಳ. ಅದನ್ನ ನಾನು ಮುಗಿಸ್ತೀನಿ."

ಹೈಥಮ್ ಬಗ್ಗಿ ಬೂಟಿನ ದಾರ ಬಿಚ್ಚಿದ. ಆಮೇಲೆ "ಯಾರೂ ಹೇಳ್ಲಿಲ್ಲ ಹಾಜಿ, ನಾನೇ ಹೊಡ್ದಿದ್ದು" ಎಂದ.

ಸೇಡಿಗೆ ಕೈಯೆತ್ತದೆ ಕೆಲವು ದಿನ ತಡೆಯಿರಿ ಎಂದು ಕೇಳಲು ಗುರುವಾರ ಸಂಜೆ ನಾವು ಹದಿನೆಂಟು ಜನ ಹಾಜಿಯವರ ಹಿಂದೆ ದುರ್ಗಾಮ್‌ಗಳ ಅಂಗಳಕ್ಕೆ ಹೋದೆವು. ಕಹಿ ಕಾಫಿ ಸುರಿದರು. ಹಾಜಿ ಬಟ್ಟಲನ್ನು ತುಟಿಗೆ ತಾಗಿಸದೆ ಕೆಳಗಿಟ್ಟರು, ನಾವೆಲ್ಲರೂ ಇಟ್ಟೆವು. ಕೇಳಲು ಬಂದವರು ಕೇಳಿದ್ದು ಸಿಗುವ ತನಕ ಕುಡಿಯುವಂತಿಲ್ಲವಲ್ಲ. ಲುಅಯ್‌ನ ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ತೋಳಿಗೆ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು. ಅವನು ಹಾಜಿಯವರನ್ನು ಬಿಟ್ಟು ನನ್ನನ್ನೇ ನೋಡಿದ.

"ನನ್ನ ಮಗನ ಹೊಟ್ಟೇಲಿ ನಿನ್ನ ಮಗನ ಗುಂಡು ಕೂತಿದೆ. ನೀನು ನನ್ನ ಮನೆ ಕಾಫಿ ಕುಡಿಯೋಕೆ ಬಂದ್ಯಾ, ಹೈಥಮನ ಅಪ್ಪ?"

"ಕುಡಿಯೋಕೆ ಬಂದಿಲ್ಲಣ್ಣ, ಬೇಡೋಕೆ ಬಂದಿದೀನಿ" ಎಂದೆ. 

"ಬೇಡು ಬೇಡು. ಇಷ್ಟು ವರ್ಷ ನಿನ್ನ ಮಕ್ಕಳಿಗೆ ರೊಟ್ಟಿ ತಿನ್ಸಿದ ಕೈ ಇದು. ಅದು ಸಾಲ್ದೆ ಹೋಯ್ತು ನಿಂಗೆ."

ಹಾಜಿ ನಡುವೆ ಬಾಯಿ ಹಾಕಲಿಲ್ಲ, ಅವನು ಬೈದು ಸುಸ್ತಾಗುವ ತನಕ ಕಾದರು. ಕೊನೆಗೆ ಅವನು "ಮೂರೂಕಾಲು ದಿನ ಕೊಡ್ತೀನಿ, ನಿಮ್ಮ ಗಡ್ಡಕ್ಕೆ ಮರ್ಯಾದೆ ಕೊಟ್ಟು, ಅವ್ನ ಮುಖಕ್ಕಲ್ಲ" ಎಂದ. ವಾಡಿಕೆಯಂತೆ ಮೂರು ದಿನ, ಮೇಲೆ ಒಂದು ದಿನದ ಮೂರನೇ ಒಂದು ಭಾಗ ಎಂದು ಹಾಜಿ ಅಲ್ಲೇ ಸರಿಪಡಿಸಿ ಕಾಗದಕ್ಕೆ ಬರೆಸಿದರು. "ಹೈಥಮನು ಯಾರ ಆಜ್ಞೆಯೂ ಇಲ್ಲದೆ, ತಾನಾಗಿಯೇ ಗುಂಡು ಹಾರಿಸಿದನು" ಎಂಬುದು ಅದರ ಮೊದಲ ಸಾಲು. ಆಮೇಲೆ ತಣ್ಣಗಾದ ಕಾಫಿಯನ್ನು ಎಲ್ಲರೂ ಕುಡಿದೆವು.

ಆ ಗಡುವು ನಾಳೆ ನಸುಕಿಗೆ ಮುಗಿಯುತ್ತದೆ. ಇವತ್ತು ಸಂಜೆ ಹಾಜಿ ಮತ್ತೆ ಹೋಗಿ ಒಂದು ವರ್ಷ ಸೇಡು ತೀರಿಸುವುದಿಲ್ಲವೆಂಬ ಕರಾರು ಕೇಳುತ್ತಾರೆ. ಕೊಡುವುದೂ ಬಿಡುವುದೂ ಲುಅಯ್‌ನ ಉಸಿರಿನ ಮೇಲೆ ನಿಂತಿದೆ. ನಿನ್ನೆಯವರೆಗೆ ಪರವಾಗಿಲ್ಲ ಅಂದಿದ್ದರು. ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಫೌಝಿಯ ತಂಗಿ ಜ್ವರ ಏರಿದೆ, ಒಳಗೆ ಕೀವಾಗಿದೆ ಎಂದು ಹೇಳಿಕಳಿಸಿದಳು. ಅವನು ಹೋದರೆ ನಿನ್ನ ತಮ್ಮನೂ ಹೋದ ಹಾಗೆ. ಹಾಜಿಯವರ ಹೊಸ್ತಿಲು ಎಷ್ಟು ದಿನ ತಡೆದೀತು? ಬೇಕರಿಯವನ ಮಗನಿಗೋಸ್ಕರ ನಾನು ಈಗ ಮಾಡುವಷ್ಟು ಪ್ರಾರ್ಥನೆ ನನ್ನ ಸ್ವಂತ ಮಕ್ಕಳಿಗೂ ಮಾಡಿರಲಿಲ್ಲ.

ನನಗೆ ಭಯವಾಗುತ್ತಿದೆ ರಬಾಬ್. ಬೀದಿಯಲ್ಲಿ ಯಾವುದಾದರೂ ಗಾಡಿ ನಿಧಾನವಾದರೆ ಎದ್ದು ದೀಪ ಆರಿಸುತ್ತೇನೆ. ನಿನ್ನ ಅಮ್ಮ ಮಂಚವನ್ನು ಕಿಟಕಿಯಿಂದ ದೂರ ಎಳೆದಿದ್ದಾಳೆ. ಬೇಕರಿಗೆ ಹೋಗುವ ಮುಖವಿಲ್ಲದೆ ಅವಳೇ ರೊಟ್ಟಿ ತಟ್ಟುತ್ತಾಳೆ, ಅರ್ಧ ಸೀದುಹೋಗಿರುತ್ತದೆ, ನಾನು ಅದನ್ನೇ ತಿನ್ನುತ್ತೇನೆ. ದಿನಕ್ಕೊಂದು ಓಣಿ ಬದಲಿಸಿ ಠಾಣೆಗೆ ಹೋಗುತ್ತೇನೆ. ಅಲ್ಲಿ ನಿರ್ದೇಶಕರು "ನಾನು ಗುಂಡು ಹಾರಿಸಿ ಅಂದಿರಲಿಲ್ಲ, ನೆನಪಿದೆ ತಾನೆ?" ಎನ್ನುತ್ತಾರೆ. ಸಚಿವರ ಕಡೆಯವನು ಆವತ್ತಿನಿಂದ ಫೋನೇ ಎತ್ತುವುದಿಲ್ಲ. ಇಷ್ಟು ದಿನ ಪೊಲೀಸರು ನಮ್ಮವರು ನಮ್ಮವರು ಎಂದು ಕಿತ್ತಾಡುತ್ತಿದ್ದವರಿಗೆ ಈಗ ನಾವು ಯಾರೂ ಅಲ್ಲ.

ನೀನು ಹೊರಟು ಬರುತ್ತೇನೆಂದು ಹಟ ಮಾಡಬೇಡ. ಅಮ್ಮನಿಗೆ ಫೋನ್ ಮಾಡಿದಾಗ ಕೂಸಿನ ಮಾತು ಮಾತ್ರ ಆಡು. ಕೂಸಿಗೆ ನಿನ್ನ ಅಜ್ಜಿಯ ಹೆಸರಿಟ್ಟದ್ದು ಕೇಳಿ ನಾನು ಎಷ್ಟು ಸಂತೋಷಪಟ್ಟೆನೆಂದು ಬರೆಯುವುದನ್ನೇ ಮರೆತಿದ್ದೆ. ದೇವರು ಅವಳಿಗೆ ದೀರ್ಘಾಯುಸ್ಸು ಕೊಡಲಿ, ನಿಮ್ಮ ಮನೆಯ ಬಾಗಿಲಿಗೆ ಕೆಟ್ಟ ಸುದ್ದಿ ತರುವವನು ದಾರಿ ತಪ್ಪಿಸಿಕೊಳ್ಳಲಿ. ನಿನ್ನ ತಮ್ಮನಿಗಾಗಿ ದುಆ ಮಾಡು. ಲುಅಯ್‌ಗೂ ಮಾಡು.

ನಿನ್ನ ಅಪ್ಪ,
ಸಬ್ರಿ

ಮರೆತ ಮಾತು: ಮರೆತದ್ದಲ್ಲ. ಉಮ್ಮ್ ವಾಇಲ್‌ಳ ಕಾರು ಬಂದು ನಿಂತಿದೆ, ಅದಕ್ಕೇ ಈಗ ಬರೆಯಲು ಧೈರ್ಯ ಬಂತು. ಬುಧವಾರ ಹತ್ತೂವರೆಗೆ ಸಚಿವರ ಕಡೆಯವನು ಮತ್ತೆ ಫೋನ್ ಮಾಡಿ ನಮ್ಮವರು ಹೋದರಾ ಎಂದು ಕೇಳಿದ. "ಹೋದರು, ರಸ್ತೆ ಖಾಲಿಯಿದೆ" ಎಂದೆ. ಅವನನ್ನು ಮಧ್ಯಾಹ್ನದವರೆಗೆ ಸಮಾಧಾನದಲ್ಲಿ ಇಟ್ಟರಾಯಿತು ಅಂದುಕೊಂಡೆ, ಅಷ್ಟೇ. ಲುಅಯ್ ಖಾಲಿ ರಸ್ತೆಗೆ ಬಂದಿದ್ದ ಮಗಳೇ. ಕೈಯಲ್ಲಿ ಬಂದೂಕನ್ನೂ ಹಿಡಿದಿರಲಿಲ್ಲವಂತೆ. ಹಾಜಿ ಬರುವ ಮೊದಲು ಒಳಕೋಣೆಯಲ್ಲಿ ಹೈಥಮ್ ನನ್ನನ್ನು ಕೇಳಿದ: "'ಖಾಲಿ ಇದೆ ಅಂತ ನಮಗೆ ಹೇಳಿದಾರೆ' ಅಂತ ಕೂಗ್ತಾ ಬಂದ ಅಪ್ಪಾ. ಅವ್ನಿಗೆ ಯಾರು ಹೇಳಿದ್ದು?" ನಾನು ಗೊತ್ತಿಲ್ಲ ಅಂದೆ. ಅವನು ನನ್ನ ಮುಖವನ್ನೇ ನೋಡಿ, "ಹಾಗಾದ್ರೆ ನಂಗೂ ಗೊತ್ತಿಲ್ಲ" ಎಂದ. ಆಮೇಲೆ ಹಾಜಿ ಬಂದು ಕೇಳಿದಾಗ ಅವನು ಏನು ಹೇಳಿದನೆಂದು ಮೇಲೆ ಬರೆದಿದ್ದೇನೆ. ಬಾಯಿಬಿಟ್ಟರೆ ಪಡೆಗಳ ನಡುವೆ ಬೆಂಕಿ ಹತ್ತುತ್ತದೆ, ಅದಕ್ಕೇ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅದು ಸುಳ್ಳು, ನನಗೆ ಸಾಯುವ ಭಯ. ದುರ್ಗಾಮ್‌ಗಳ ಅಂಗಳದಲ್ಲಿ ಆ ಕಾಗದಕ್ಕೆ ಸಾಕ್ಷಿಯಾಗಿ ಮೊದಲು ಸಹಿ ಹಾಕಿದವನು ನಾನು.