ಬಾನಿಗಾಗಿ ಒಂದು ಸುಳ್ಳು

ಮಂಗಳಗಿರಿ

ಪ್ರೀತಿಯ ಅಕ್ಕನಿಗೆ ಗಿರಿಜೆಯ ನಮಸ್ಕಾರಗಳು.

ವಿಶಾಖಪಟ್ಟಣದಲ್ಲಿ ನಿನ್ನ ಮಗಳು ಇಂಚರಾ ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ? ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾಲುವೆ ದಂಡೆಯ ಕಾಡು ನೀಲಿಗಿಡ ಈ ಸಲ ಸೊಂಪಾಗಿತ್ತು. ಅವಳ ಮದುವೆಗೆ ಕೊಡುವ ಸೀರೆಗೆಂದೇ ಹೂ ಬಿಡುವ ಮೊದಲು ಕೊಯ್ದು ನೆನೆಹಾಕಿದೆ. ಆದರೆ ಬಾನಿಯಲ್ಲಿನ ಬಣ್ಣದ ನೀರು ಕೆಟ್ಟಿತು. ಎಷ್ಟು ಅದ್ದಿದರೂ ನೂಲು ಬೂದಿಯಂತೆಯೇ ಬಂತು. ಬಾನಿ ಕೆಟ್ಟರೆ ಒಂದು ಸುಳ್ಳು ಹುಟ್ಟಿಸಬೇಕು, ಅದು ಊರು ಸುತ್ತಿದರೆ ಬಣ್ಣ ಏರುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರಲ್ಲ, ಆ ಮಾತು ಕೇಳಿ ನೀನೂ ನಕ್ಕಿದ್ದೆ. ಈ ಬೀದಿಯವರ ಮೇಲೆ ಹೇಳಿದರೆ ಜಗಳ, ವಿಶಾಖಪಟ್ಟಣ ದೂರ ಎಂದುಕೊಂಡು, ಪಕ್ಕದ ಮನೆಯ ಗಂಗಾಭವಾನಿಗೆ "ನಮ್ಮ ಇಂಚರಾಗೆ ಹುಡುಗ ಹಿಡಿಸಲಿಲ್ಲವಂತೆ" ಅಂದುಬಿಟ್ಟೆ. ಗಂಗಾಭವಾನಿಯ ತಂಗಿ ವಿಜಯವಾಡದಲ್ಲಿ ಗಂಡಿನ ಮನೆಯ ಎದುರಿಗೇ ಇದ್ದಾಳೆಂದು ನನಗೆ ಗೊತ್ತಿರಲಿಲ್ಲ.

ಸಂಜೆಗೆ ಬಣ್ಣ ಏರಿತು. ಮರುದಿನ ಗಂಡಿನ ಮನೆಯವರು ನಿಮಗೆ ಸಂಬಂಧ ಬೇಡವೆಂದರು.

ಅವರ ಮನೆಗೆ ಹೋಗಿ ನಿಜ ಹೇಳಿದೆ. ಹುಡುಗನ ತಾಯಿ, "ಅಕ್ಕನ ಮಗಳಿಗಾಗಿ ಒಳ್ಳೇ ಕಥೆ ಕಟ್ಟಿದಿರಿ, ಕಾಫಿ ಕುಡಿಯಿರಿ" ಎಂದರು. ಗಂಗಾಭವಾನಿಗೆ ಹೇಳಿದರೆ, "ಏಮ್ಮಾ ಗಿರಿಜಾ, ಬಾನಿ ಮತ್ತೆ ಕೆಟ್ಟಿತಾ?" ಎಂದು ನಗುತ್ತಾಳೆ.

ಸೀರೆ ಚೆನ್ನಾಗಿಯೇ ಬಂದಿದೆ. ಕಳಿಸಲು ನನಗೆ ಮುಖವಿಲ್ಲ.

ಅಕ್ಕ, ಒಂದು ಉಪಕಾರ ಮಾಡು. ವಿಜಯವಾಡಕ್ಕೆ ಬಾ, ನಾನು ಸ್ಟೇಷನ್ನಿಗೆ ಬರುತ್ತೇನೆ. ಗಂಡಿನ ಮನೆಯಲ್ಲಿ ಎಲ್ಲರೆದುರು ನನ್ನನ್ನು ಬಾಯಿಗೆ ಬಂದಂತೆ ಬೈ. ನನ್ನ ಮಾತು ನಂಬದವರು ನಿನ್ನ ಸಿಟ್ಟನ್ನಾದರೂ ನಂಬಿಯಾರು.

ನಿನ್ನ ತಂಗಿ,
ಗಿರಿಜೆ